ಮೋಟುನಳಿಗೆಯ ಮೇಲಣ ಮೋಹ

ಕೈಬಂದೂಕುಗಳ ಗುಣದೋಷಗಳನ್ನು ತೂಗಿ ನೋಡುವಲ್ಲಿ ತಜ್ಞರು ಸಾಮಾನ್ಯವಾಗಿ ಹಿಡಿಯುವ ಅಳತೆಗೋಲುಗಳೆಲ್ಲವೂ, ಎಂದರೆ ತುಂಬುವ ಗುಂಡುಗಳ ಸಂಖ್ಯೆ, ಗುರಿಯ ನಿಷ್ಕೃಷ್ಟತೆ, ಬರಿದಾದ ಮೇಲೆ ಮರಳಿ ತುಂಬುವ ಶೀಘ್ರತೆ, ಹೊಡೆದವನ ಕೈಗೆ ಒದಗುವ ಹಿತ ಇವೆಲ್ಲವೂ, ಎರಡಂಗುಲದ ನಳಿಗೆಯುಳ್ಳ ರಿವಾಲ್ವರಿಗೆ ಪ್ರತಿಕೂಲವಾಗಿಯೇ ತೀರ್ಪು ಕೊಡುತ್ತವೆ. 2018ರಲ್ಲಿ ಹೊರಬಂದ ಸಿಗ್ ಪಿ365 ಎಂಬ ಪಿಸ್ತೂಲು, ಆ ರಿವಾಲ್ವರಿಗಿಂತ ತೆಳ್ಳಗಿದ್ದೂ, ಹಿಡಿಯೊಳಗಿನ ಮ್ಯಾಗಜೀನಿನಲ್ಲಿ ಹತ್ತು ಗುಂಡುಗಳನ್ನು ಅಡಗಿಸಿಕೊಂಡಿರುತ್ತದೆ. ನಮ್ಮ ಮೋಟು ರಿವಾಲ್ವರಿನಲ್ಲಿರುವುದು ಐದು, ಹೆಚ್ಚೆಂದರೆ ಆರು. ಹೀಗಿದ್ದೂ ಅಮೆರಿಕದಲ್ಲಿ ಒಂದು ಶತಮಾನದಿಂದ ಅದರ ತಯಾರಿಕೆ ನಿಂತಿಲ್ಲ, ಕೊಂಡವರು ಅದನ್ನು ಬಿಟ್ಟುಕೊಡುವುದಿಲ್ಲ, ಬಿಟ್ಟುಕೊಟ್ಟವರು ಕೆಲಕಾಲದ ಮೇಲೆ ಅದನ್ನೇ ಹುಡುಕಿಕೊಂಡು ಬರುತ್ತಾರೆ. ಈ ಒಲವನ್ನು ಬರಿಯ ಹಳೆಯ ಕಾಲದ ವ್ಯಾಮೋಹವೆಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪಲಾರೆ.

ಇದರ ಪೂರ್ವಜರು ಇಂಗ್ಲೆಂಡಿನಲ್ಲಿದ್ದರು. ಬರ್ಮಿಂಗ್‌ಹ್ಯಾಮಿನ ವೆಬ್ಲಿ ಸಂಸ್ಥೆಯು 1872ರಲ್ಲಿ ‘ಬ್ರಿಟಿಷ್ ಬುಲ್‌ಡಾಗ್’ ಎಂಬ ಹೆಸರಿನಿಂದ ಮಾರಾಟಕ್ಕೆ ತಂದ ಜೇಬಿನ ರಿವಾಲ್ವರು ಯೂರೋಪಿನಲ್ಲಿಯೂ ಅಮೆರಿಕದಲ್ಲಿಯೂ ಅಸಂಖ್ಯ ಅನುಕರಣಗಳಿಗೆ ಎಡೆಮಾಡಿಕೊಟ್ಟಿತು. ಆದರೆ ಇಂದು ನಾವು ಬಲ್ಲ ರೂಪಕ್ಕೆ ಜನ್ಮಭೂಮಿಯಾದುದು ಕನೆಕ್ಟಿಕಟ್ ನದಿಯ ತೀರ. ಆ ನದಿಯ ದಂಡೆಯ ಮೇಲೆ ಹಾರ್ಟ್‌ಫರ್ಡಿನಲ್ಲಿ ಕೋಲ್ಟ್ ಕಾರ್ಖಾನೆ ಇತ್ತು. ಅಲ್ಲಿಂದ ಸುಮಾರು 40 ಕಿಲೋಮೀಟರು ಉತ್ತರಕ್ಕೆ ಸ್ಪ್ರಿಂಗ್‌ಫೀಲ್ಡಿನಲ್ಲಿ ಸ್ಮಿತ್ ಅಂಡ್ ವೆಸನ್. ಒಂದೇ ನೀರಿನ ಮಗ್ಗುಲಲ್ಲಿ ಬೆಳೆದ ಈ ಎರಡು ಮನೆತನಗಳು ಒಬ್ಬರು ಮಾಡಿದಂತೆ ಇನ್ನೊಬ್ಬರು ಮಾಡಬಾರದೆಂದು ವ್ರತ ತೊಟ್ಟಂತೆ ನಡೆದುಕೊಂಡವು. ಹೊಡೆಯುವವನ ಕಡೆಯಿಂದ ನೋಡಿದರೆ ಕೋಲ್ಟಿನ ಸಿಲಿಂಡರು ಬಲಕ್ಕೆ ತಿರುಗುತ್ತದೆ, ಸ್ಮಿತ್ತಿನದು ಎಡಕ್ಕೆ. ಸಿಲಿಂಡರನ್ನು ಹೊರಕ್ಕೆ ತೆರೆಯಲು ಕೋಲ್ಟಿನ ಗುಂಡಿಯನ್ನು ಹಿಂದಕ್ಕೆ ಎಳೆಯಬೇಕು, ಸ್ಮಿತ್ತಿನದನ್ನು ಮುಂದಕ್ಕೆ ನೂಕಬೇಕು. ಎರಡನ್ನೂ ಇಟ್ಟುಕೊಂಡವನ ಹೆಬ್ಬೆರಳಿಗೆ ಈ ಭೇದವು ಕಣ್ಣಿಗಿಂತ ಮೊದಲು ತಿಳಿಯುತ್ತದೆ.

ಕೋಲ್ಟಿನಲ್ಲಿ ಉದ್ಯೋಗದಲ್ಲಿದ್ದ ಜಾನ್ ಹೆನ್ರಿ ಫಿಟ್ಸ್‌ಜೆರಾಲ್ಡ್ ಎಂಬ ನಿಪುಣನು ದೊಡ್ಡ ರಿವಾಲ್ವರುಗಳ ನಳಿಗೆಯನ್ನು ಎರಡಂಗುಲಕ್ಕೆ ಕತ್ತರಿಸಿ, ಬಟ್ಟೆಗೆ ಸಿಕ್ಕಿಕೊಳ್ಳುವ ಹ್ಯಾಮರಿನ ಕೊಕ್ಕೆಯನ್ನು ಅರೆದು ತೆಗೆದು, ಟ್ರಿಗರಿನ ಮುಂದಿರುವ ಕಾವಲು ಬಳೆಯ ಮುಂಭಾಗವನ್ನೇ ಕಡಿದುಹಾಕಿ, ಪರಿಚಿತರಿಗೆ ಸಿದ್ಧಪಡಿಸಿಕೊಡುತ್ತಿದ್ದನು. ಕೊನೆಯದು ಅಪಾಯಕಾರಿಯಾದ ಕೆಲಸ. ಅದನ್ನು ಯಾರೂ ಅನುಕರಿಸತಕ್ಕದ್ದಲ್ಲ. ಮೊದಲನೆಯದಾದರೋ ಸತ್ಫಲವನ್ನೇ ಕೊಟ್ಟಿತು. 1927ರಲ್ಲಿ ಕೋಲ್ಟ್ ಸಂಸ್ಥೆಯು ತನ್ನ ಪೊಲೀಸ್ ಪಾಸಿಟಿವ್ ಸ್ಪೆಷಲ್ ಎಂಬ ರಿವಾಲ್ವರಿನ ನಳಿಗೆಯನ್ನು ಎರಡಂಗುಲಕ್ಕೆ ಇಳಿಸಿ, .38 ಸ್ಪೆಷಲ್ ತೋಟಾಗಳು ಆರು ಹಿಡಿಯುವ ‘ಡಿಟೆಕ್ಟಿವ್ ಸ್ಪೆಷಲ್’ ಅನ್ನು ಹೊರತಂದಿತು. ಸುಮಾರು 600 ಗ್ರಾಂ ತೂಗುವ ಆ ವಸ್ತುವು ಪತ್ತೇದಾರರ ಕೋಟಿನ ಜೇಬಿಗೂ ಅಲ್ಲಿಂದ ಹಾಲಿವುಡ್ಡಿನ ಚಿತ್ರಗಳಿಗೂ ಏರಿ, ರಿವಾಲ್ವರನ್ನು ಕಣ್ಣಾರೆ ಕಾಣದ ದೇಶಗಳ ಜನರಿಗೂ ಪರಿಚಿತವಾಯಿತು.

ಸ್ಪ್ರಿಂಗ್‌ಫೀಲ್ಡಿನ ಉತ್ತರವು ಬಂದುದು 1950ರಲ್ಲಿ. ಆ ವರ್ಷ ಕೊಲರಾಡೊ ಸ್ಪ್ರಿಂಗ್ಸ್ ಪಟ್ಟಣದಲ್ಲಿ ಸೇರಿದ್ದ ಪೊಲೀಸ್ ಮುಖ್ಯಾಧಿಕಾರಿಗಳ ಸಮ್ಮೇಳನದಲ್ಲಿ ಹೊಸ ರಿವಾಲ್ವರನ್ನು ಪ್ರದರ್ಶಿಸಿ, ಅದಕ್ಕೊಂದು ಹೆಸರನ್ನು ಸೂಚಿಸಬೇಕೆಂದು ನೆರೆದವರನ್ನೇ ಕೇಳಿದಾಗ, ಅವರು ಆರಿಸಿದ ಹೆಸರು ‘ಚೀಫ್ಸ್ ಸ್ಪೆಷಲ್’. 1957ರಿಂದ ಅದು ಮಾಡಲ್ 36 ಎಂಬ ಅಂಕಿತವನ್ನು ಪಡೆಯಿತು. ಇದರಲ್ಲಿ ಗುಂಡುಗಳು ಐದೇ. ಒಂದು ಗುಂಡಿನ ನಷ್ಟವೆಂದು ಮೇಲ್ನೋಟಕ್ಕೆ ತೋರುವ ಈ ಸಂಖ್ಯೆಯಲ್ಲಿ ಯಂತ್ರಶಿಲ್ಪದ ಒಂದು ಸೊಗಸಾದ ಯುಕ್ತಿ ಅಡಗಿದೆ. ಹೊಡೆಯುವ ಕ್ಷಣದಲ್ಲಿ ಸಿಲಿಂಡರು ಅಲುಗದಂತೆ ಹಿಡಿದು ನಿಲ್ಲಿಸುವ ಕೀಲು ಕೆಳಗಿನಿಂದ ಬಂದು ಸಿಲಿಂಡರಿನ ಹೊರಮೈಯಲ್ಲಿ ಕೊರೆದ ಕಚ್ಚಿನೊಳಕ್ಕೆ ಕೂರಬೇಕಷ್ಟೆ. ಗುಂಡಿನ ಮನೆಗಳು ಆರಿದ್ದಲ್ಲಿ ಆ ಕಚ್ಚು ಒಂದು ಮನೆಯ ಗೋಡೆಯ ಮೇಲೆಯೇ ಬಿದ್ದು, ಲೋಹವು ಅಲ್ಲಿ ತೆಳುವಾಗುತ್ತದೆ. ಐದಿದ್ದಲ್ಲಿ ಕಚ್ಚು ಎರಡು ಮನೆಗಳ ನಡುವಣ ದಪ್ಪ ಭಾಗದಲ್ಲಿ ಬೀಳುತ್ತದೆ. ಸಿಲಿಂಡರಿನ ಗಾತ್ರವು ಕಿರಿದಾದರೂ ಗೋಡೆಯ ಬಲಕ್ಕೆ ಕುಂದಿಲ್ಲ. ಜೇಬಿನ ಆಯುಧಕ್ಕೆ ಐದು ಗುಂಡು ಸಾಕೆಂದು ನಿಶ್ಚಯಿಸಿದವರು ಲೆಕ್ಕದಲ್ಲಿ ಜಿಪುಣತನ ಮಾಡಿದವರಲ್ಲ, ವಸ್ತುವಿನ ಸ್ವಭಾವವನ್ನು ಅರಿತವರು.

ಬಳಿಕ ಬಂದ ರೂಪಾಂತರಗಳಲ್ಲಿ ಎಲ್ಲವನ್ನೂ ಇಲ್ಲಿ ಹೇಳಬೇಕಾಗಿಲ್ಲ. ಸಂಸ್ಥೆಯ ನೂರನೆಯ ವರ್ಷವಾದ 1952ರಲ್ಲಿ ಬಂದ ‘ಸೆಂಟೆನಿಯಲ್’ ಹ್ಯಾಮರನ್ನು ಪೂರ್ತಿಯಾಗಿ ಚೌಕಟ್ಟಿನೊಳಗೆ ಅಡಗಿಸಿತು. 1965ರ ಮಾಡಲ್ 60 ತುಕ್ಕು ಹಿಡಿಯದ ಉಕ್ಕಿನದು. ಮೈಗೆ ಒತ್ತಿಕೊಂಡು ಬೆವರಿನಲ್ಲಿ ನೆನೆಯುವ ಆಯುಧಕ್ಕೆ ಇದಕ್ಕಿಂತ ಉಪಕಾರಿಯಾದ ಸುಧಾರಣೆ ಮತ್ತೊಂದಿಲ್ಲ. ಅಲ್ಯೂಮಿನಿಯಂ ಚೌಕಟ್ಟಿನ ‘ಏರ್‌ವೈಟ್’ ಮಾದರಿಗಳು ತೂಕವನ್ನು 425 ಗ್ರಾಂವರೆಗೆ ಇಳಿಸಿದವು. ಜಪಾನಿನ ಪೊಲೀಸರು 1960ರಲ್ಲಿ ನ್ಯೂ ನಂಬು ಎಂಬ ತಮ್ಮದೇ ಐದು ಗುಂಡಿನ .38 ರಿವಾಲ್ವರನ್ನು ಕೈಗೆತ್ತಿಕೊಂಡರು.

ಇನ್ನು ಒಲವಿನ ಕಾರಣಕ್ಕೆ ಬರೋಣ. ಮೊದಲನೆಯದಾಗಿ, ಇದು ತನ್ನ ಸ್ಥಿತಿಯನ್ನು ಮರೆಮಾಚದ ಯಂತ್ರ. ಸಿಲಿಂಡರನ್ನು ಎಡಕ್ಕೆ ತೆರೆದರೆ ಐದು ಮನೆಗಳೂ ಒಮ್ಮೆಲೇ ಕಣ್ಣೆದುರಿಗೆ ಬರುತ್ತವೆ. ಎಲ್ಲಿ ಹಿತ್ತಾಳೆಯ ವೃತ್ತ ಕಾಣುತ್ತದೆಯೋ ಅಲ್ಲಿ ತೋಟಾ ಇದೆ, ಎಲ್ಲಿ ಬೆಳಕು ತೂರಿ ಬರುತ್ತದೆಯೋ ಅಲ್ಲಿ ಇಲ್ಲ. ಪಿಸ್ತೂಲಿನ ಮ್ಯಾಗಜೀನನ್ನು ಹೊರತೆಗೆದ ಮೇಲೆಯೂ ನಳಿಗೆಯ ಬುಡದಲ್ಲಿ ಒಂದು ತೋಟಾ ಉಳಿದಿರಬಹುದು, ಆ ಮರೆವಿನಿಂದ ಆದ ಅನಾಹುತಗಳು ಬಹಳ. ಎರಡನೆಯದಾಗಿ, ಮದ್ದು ಹತ್ತದ ತೋಟಾ ಒಂದು ಎದುರಾದರೆ ರಿವಾಲ್ವರಿನವನು ಟ್ರಿಗರನ್ನು ಮತ್ತೊಮ್ಮೆ ಎಳೆದರಾಯಿತು, ಮುಂದಿನ ಮನೆ ತಾನಾಗಿ ಬಂದು ನಿಲ್ಲುತ್ತದೆ. ಗುಂಡಿನ ಬಲದಿಂದ ತನ್ನ ಕೆಲಸವನ್ನು ನಡೆಸಿಕೊಳ್ಳುವ ಪಿಸ್ತೂಲಿಗೆ ತೋಟಾದ ಸಹಕಾರ ಬೇಕು. ರಿವಾಲ್ವರಿಗೆ ಬೇಕಾದುದು ಬೆರಳೊಂದೇ. ಇದು ಎಂದೂ ಕೈಕೊಡುವುದಿಲ್ಲವೆಂಬ ಪ್ರಚಾರವನ್ನು ಮಾತ್ರ ನಂಬಬೇಡಿ. ಖಾಲಿ ತೋಟಾಗಳನ್ನು ಹೊರದೂಡುವ ನಕ್ಷತ್ರಾಕಾರದ ತುಣುಕಿನ ಅಡಿಯಲ್ಲಿ ಸುಡದ ಮದ್ದಿನ ನಾಲ್ಕು ಕಣಗಳು ಸೇರಿದರೆ ಸಾಕು, ಸಿಲಿಂಡರು ಮುಚ್ಚದೆ ಹಟ ಹಿಡಿಯುತ್ತದೆ. ಎರಡಂಗುಲದ ನಳಿಗೆಯ ಕೆಳಗೆ ಕೂರುವ ದೂಡುಕಡ್ಡಿಯೂ ಮೋಟಾದುದರಿಂದ, ಖಾಲಿ ತೋಟಾಗಳು ಪೂರ್ತಿ ಹೊರಬೀಳಬೇಕಾದರೆ ನಳಿಗೆಯ ಬಾಯನ್ನು ಮೇಲಕ್ಕೆ ಮಾಡಿ ಅಂಗೈಯಿಂದ ಒಮ್ಮೆ ಬಲವಾಗಿ ಕುಟ್ಟಬೇಕು.

ಆದರೆ ಬಲ್ಲವರನ್ನು ಈ ಆಯುಧಕ್ಕೆ ಕಟ್ಟಿಹಾಕಿರುವುದು ಸೌಕರ್ಯವಲ್ಲ, ಅದು ಕೇಳುವ ಶಿಸ್ತು ಎಂದು ನನ್ನ ದೃಢವಾದ ನಂಬಿಕೆ. ಹ್ಯಾಮರನ್ನು ಎತ್ತದೆ ಟ್ರಿಗರನ್ನು ಎಳೆದು ಹೊಡೆಯಬೇಕಾದರೆ ಬೆರಳು ಐದು ಕಿಲೋಗ್ರಾಮಿಗೂ ಮಿಕ್ಕ ಭಾರವನ್ನು ಹೊರಬೇಕು. ಆಯುಧದ ತೂಕವಾದರೋ ಅದರ ಎಂಟನೆಯ ಒಂದು ಪಾಲು. ತನ್ನ ತೂಕಕ್ಕೆ ಎಂಟು ಮಡಿಯಾದ ಎಳೆತದಲ್ಲಿ ನಳಿಗೆಯು ಕದಲದೆ ಇರುವುದು ಹೇಗೆ? ಗುರಿ ನೋಡುವುದಕ್ಕೆ ಇರುವುದು ಮುಂದೊಂದು ಸಣ್ಣ ದಿಬ್ಬ, ಹಿಂದೆ ಚೌಕಟ್ಟಿನ ನೆತ್ತಿಯಲ್ಲಿ ಕೊರೆದ ಒಂದು ಗೀರು. ಎರಡರ ನಡುವೆ ಅಂತರ ಕಡಮೆಯಾದುದರಿಂದ ಅಲ್ಲಿ ಕೂದಲೆಳೆಯಷ್ಟು ಓರೆಯಾದರೂ ಗುರಿಹಲಗೆಯಲ್ಲಿ ಅದು ಗೇಣಾಗಿ ಕಾಣುತ್ತದೆ. ಪಳಗಿದ ಕೈ ಇದನ್ನು ಆಳವಾದ ಬಾವಿಯಿಂದ ತುಂಬಿದ ಕೊಡವನ್ನು ತುಳುಕದಂತೆ ಸೇದುವವರ ಹಾಗೆ, ನಿಲ್ಲಿಸದೆ, ಜಗ್ಗದೆ, ಒಂದೇ ಸಮನಾದ ಎಳೆತದಲ್ಲಿ ಸಾಧಿಸುತ್ತದೆ. ಒಳ್ಳೆಯ ಹಳೆಯ ಕೋಲ್ಟಿನಲ್ಲಿ ಎಳೆತವು ಕೊನೆಗೊಳ್ಳುವ ಮುನ್ನ ಸಿಲಿಂಡರು ತನ್ನ ಕಚ್ಚಿನಲ್ಲಿ ಗಟ್ಟಿಯಾಗಿ ಕೂತುದು ಬೆರಳಿಗೆ ಸ್ಪಷ್ಟವಾಗಿ ಗೋಚರಿಸುತ್ತದೆ. ಆ ಅನುಭವವನ್ನು ಒಮ್ಮೆ ಪಡೆದವರು ಅದಕ್ಕಾಗಿಯೇ ಅದನ್ನು ಇಟ್ಟುಕೊಳ್ಳುವರು. ಇಂತಹ ಮೋಟು ರಿವಾಲ್ವರಿನಿಂದ ಹದಿನೈದು ಗಜದಲ್ಲಿ ಐದು ಗುಂಡುಗಳನ್ನು ಅಂಗೈಯಗಲದಲ್ಲಿ ಕೂರಿಸಬಲ್ಲವನಿಗೆ ಬೇರೆ ಯಾವ ಕೈಬಂದೂಕೂ ಕಷ್ಟವೆನಿಸುವುದಿಲ್ಲ.

ಆದುದರಿಂದಲೇ, ಚಿಕ್ಕದಾಗಿದೆ, ಹಗುರವಾಗಿದೆ, ಹೊಸಬರಿಗೂ ಹೆಂಗಸರಿಗೂ ಇದೇ ತಕ್ಕುದು ಎಂದು ಅಂಗಡಿಗಳಲ್ಲಿ ಹೇಳಿ ಮಾರುವುದನ್ನು ನಾನು ಬಲವಾಗಿ ಆಕ್ಷೇಪಿಸುತ್ತೇನೆ. ಆಯುಧವು ಹಗುರವಾದಷ್ಟೂ ಅದರ ಹಿನ್ನೂಕು ಕೈಗೆ ಹೆಚ್ಚು ತಾಗುತ್ತದೆ. 350 ಗ್ರಾಂಗೂ ಕಡಮೆ ತೂಗುವ ಈಚಿನ ಸ್ಕ್ಯಾಂಡಿಯಂ ಮಿಶ್ರಲೋಹದ ರಿವಾಲ್ವರಿನಲ್ಲಿ ಮ್ಯಾಗ್ನಮ್ ತೋಟಾಗಳನ್ನು ಹೊಡೆಯುವುದು ಪರಿಣತರಿಗೂ ಶಿಕ್ಷೆಯೇ ಸರಿ. ಹೊಸಬನು ಎರಡು ಈಡು ಹೊಡೆದು ನೋವಿಗೆ ಅಂಜಿ ಅಭ್ಯಾಸವನ್ನೇ ಬಿಡುತ್ತಾನೆ, ಆಯುಧ ಮಾತ್ರ ಮೇಜಿನ ಖಾನೆಯಲ್ಲಿ ಉಳಿಯುತ್ತದೆ. ನಮ್ಮ ದೇಶದಲ್ಲಿಯೂ 2014ರಲ್ಲಿ ಕಾನ್ಪುರದ ಫೀಲ್ಡ್ ಗನ್ ಕಾರ್ಖಾನೆಯು ‘ನಿರ್ಭೀಕ್’ ಎಂಬ ಆರು ಗುಂಡಿನ .32 ರಿವಾಲ್ವರನ್ನು ಹೆಂಗಸರ ರಕ್ಷಣೆಯ ಹೆಸರಿನಲ್ಲಿ ಹೊರತಂದಾಗ, ಸುಮಾರು 500 ಗ್ರಾಮಿನ ಅದರ ತೂಕ ಮತ್ತು ಲಕ್ಷವನ್ನು ಮೀರಿದ ಅದರ ಬೆಲೆ ಇವುಗಳ ವಿಷಯದಲ್ಲಿ ನಡೆದಷ್ಟು ಚರ್ಚೆ, ಕೊಂಡವರು ಎಲ್ಲಿ, ಯಾರಿಂದ ಕಲಿಯಬೇಕೆಂಬ ವಿಷಯದಲ್ಲಿ ನಡೆಯಲಿಲ್ಲ. ಕಲಿಕೆಯಿಲ್ಲದ ಕೈಗೆ ಕಿರಿದಾದ ಆಯುಧವನ್ನು ಕೊಡುವುದು ರಕ್ಷಣೆಯಲ್ಲ.

ಈ ಜಾತಿಯ ಆಯುಧವನ್ನು ಮೆಚ್ಚುವವನು ಅದರ ಚರಿತ್ರೆಯ ಕಪ್ಪು ಪುಟಗಳನ್ನೂ ಬಲ್ಲವನಾಗಿರಬೇಕು. 1963ರ ನವೆಂಬರಿನಲ್ಲಿ ಡಲ್ಲಾಸಿನಲ್ಲಿ ಜ್ಯಾಕ್ ರೂಬಿಯು ಪೊಲೀಸರ ನಡುವೆಯೇ, ಅಮೆರಿಕದ ಅಧ್ಯಕ್ಷನ ಹತ್ಯೆಯ ಆರೋಪಿಯಾದ ಓಸ್ವಾಲ್ಡನನ್ನು ಕೊಂದುದು ಕೋಲ್ಟ್ ಕೋಬ್ರಾದಿಂದ. ಅದು ಡಿಟೆಕ್ಟಿವ್ ಸ್ಪೆಷಲಿನ ಹಗುರವಾದ ಒಡಹುಟ್ಟು. 1968ರ ಫೆಬ್ರವರಿಯಲ್ಲಿ ಸೈಗಾನಿನ ಬೀದಿಯಲ್ಲಿ ಎಡ್ಡಿ ಆಡಮ್ಸ್ ತೆಗೆದ ಛಾಯಾಚಿತ್ರದಲ್ಲಿ, ಬಂಧಿಯ ತಲೆಯ ಕಡೆಗೆ ಚಾಚಿದ ಕೈಯಲ್ಲಿರುವುದೂ ಒಂದು ಮೋಟು ರಿವಾಲ್ವರೇ. ಜೇಬಿನಲ್ಲಿ ಅಡಗುವ ಗುಣವು ಕಾಪಾಡುವವನಿಗೆ ಹೇಗೋ ಘಾತುಕನಿಗೂ ಹಾಗೆಯೇ ಒದಗುತ್ತದೆ. ಅಲ್ಲದೆ ಈ ರಿವಾಲ್ವರುಗಳಲ್ಲಿ ಸಾಮಾನ್ಯವಾಗಿ ಹೊರಗಿನಿಂದ ಹಾಕುವ ತಡೆಕೀಲು ಇರುವುದಿಲ್ಲ. ಎಳೆತದ ಭಾರವೊಂದೇ ಅಡ್ಡಿ. ಮಕ್ಕಳಿರುವ ಮನೆಯಲ್ಲಿ ಆ ಅಡ್ಡಿಯನ್ನು ನಂಬಲಾಗದು. ಗುಂಡು ತೆಗೆದು, ಕಬ್ಬಿಣದ ಪೆಟ್ಟಿಗೆಯಲ್ಲಿ ಬೀಗ ಹಾಕಿ, ತೋಟಾಗಳನ್ನು ಬೇರೆಡೆ ಇಡದವನು ಅದರ ಒಡೆತನಕ್ಕೆ ಅರ್ಹನಲ್ಲ.

ನನ್ನ ಆಯ್ಕೆಯನ್ನು ಕೇಳುವ ವಾಚಕರಿಗೆ ಇಷ್ಟು ಹೇಳಬಲ್ಲೆ. ರೂಪದಲ್ಲಿ ಡಿಟೆಕ್ಟಿವ್ ಸ್ಪೆಷಲಿಗೆ ಸಮನಾದುದು ಇಲ್ಲ. ಆದರೆ ಅದರ ಒಳಯಂತ್ರವನ್ನು ಬಿಚ್ಚಿ ಸರಿಪಡಿಸಬಲ್ಲ ಕುಶಲರು ವಿರಳವಾಗುತ್ತಿರುವುದರಿಂದ ಅದನ್ನು ಮಿತವಾಗಿ ಬಳಸಬೇಕು. ಬಳಕೆಗೆ ಉಕ್ಕಿನ ಚೌಕಟ್ಟಿನ ಸೆಂಟೆನಿಯಲ್ಲೇ ಉತ್ತಮ, ಏರ್‌ವೈಟ್ ಅಲ್ಲ. ಇನ್ನೂ ಒಂದು ಗುಂಡನ್ನೂ ಹೊಡೆಯದವರು ಇವೆರಡನ್ನೂ ಬಿಟ್ಟು, ನಾಲ್ಕಂಗುಲದ ನಳಿಗೆಯ ಉಕ್ಕಿನ ರಿವಾಲ್ವರಿನಲ್ಲಿ, ಬಲ್ಲ ಗುರುವಿನ ಎದುರಿಗೆ, ಟ್ರಿಗರಿನ ಎಳೆತವನ್ನು ಮೊದಲು ಕಲಿಯಲಿ.