ಪಿಸುದನಿಯ ಹಾಡು

ತಾನೇ ಬರೆದು, ತಾನೇ ಅಚ್ಚು ಹಾಕಿಸಿ, ತಾನೇ ಮಾರುವ ಕಷ್ಟ ಕನ್ನಡ ಲೇಖಕನಿಗೆ ಹೊಸದಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತುಕೊಂಡು ಊರೂರು ತಿರುಗಿದ ಸಂಗತಿ ಎಲ್ಲರಿಗೂ ತಿಳಿದದ್ದೇ. ಆದರೆ ಅವರನ್ನು ನಾವು ಓದುವುದು ಆ ಹೊರೆಯ ಭಾರಕ್ಕಾಗಿ ಅಲ್ಲ. ಸಂಗೀತದ ಮಾತು ಬಂದಾಗ ಈ ವಿವೇಕ ಏಕೋ ಸಡಿಲಾಗುತ್ತದೆ. ಗ್ರಾಮಫೋನ್ ತಟ್ಟೆ ದುರ್ಲಭವಾಗಿದ್ದರೆ ಸಾಕು, ಅದನ್ನು ಶ್ರೇಷ್ಠವೆಂದು ಕೊಂಡಾಡುವ ಸಂಗ್ರಾಹಕರಿದ್ದಾರೆ.

ಥಾಮಸ್ ಲಿಯರ್ ಎಂಬ ಸ್ಕಾಟ್ಲೆಂಡಿನ ತರುಣ 1978ರಲ್ಲಿ ಹೊರತಂದ ‘ಪ್ರೈವೇಟ್ ಪ್ಲೇನ್’ ಅಂಥದೊಂದು ತಟ್ಟೆ. ಲಂಡನ್ನಿನ ತನ್ನ ವಾಸದ ಮನೆಯಲ್ಲೇ ಹಾಡನ್ನು ಮುದ್ರಿಸಿಕೊಂಡು, ‘ಒಬ್ಲೀಕ್’ ಎಂಬ ಸ್ವಂತ ಹೆಸರಿನಲ್ಲಿ ಕೆಲವೇ ನೂರು ಪ್ರತಿಗಳನ್ನು ಮಾಡಿಸಿದ. ಅದೇ ವರ್ಷ, ಅದೇ ದಾರಿಯಲ್ಲಿ, ಡೇನಿಯಲ್ ಮಿಲ್ಲರ್ ‘ವಾರ್ಮ್ ಲೆದರೆಟ್’ ತಂದ. ಮಿಲ್ಲರನ ‘ಮ್ಯೂಟ್’ ಮುಂದೆ ಹೆಸರಾಂತ ಸಂಸ್ಥೆಯಾಯಿತು. ಲಿಯರನ ತಟ್ಟೆ ಸಂಗ್ರಾಹಕರ ಕಪಾಟು ಸೇರಿತು.

ಅದರಲ್ಲಿರುವುದಾದರೂ ಏನು? ಯಂತ್ರದಿಂದ ಹೊಮ್ಮುವ ಒಂದೇ ಸಮನಾದ ತಾಳ, ತೆಳುವಾದ ಕೆಲವು ಸ್ವರಗಳು, ಪಿಸುಗುಟ್ಟುವ ಕಂಠ. ಗೆಳತಿ ನಿದ್ರಿಸುತ್ತಿದ್ದುದರಿಂದ ದನಿ ಎತ್ತಲಿಲ್ಲವೆಂದು ಗಾಯಕನೇ ಹೇಳಿಕೊಂಡಿದ್ದಾನೆ. ಆದರೆ ಕೇಳುವವನಿಗೆ ಇದು ಅನಿವಾರ್ಯತೆಯಾಗಿ ತೋರದೆ, ಹಾಡಿನ ಏಕಾಂತವೇ ಆಗಿ ತೋರುತ್ತದೆ. ನಮ್ಮ ಆಲಂಕಾರಿಕರು ‘ಧ್ವನಿ’ ಎಂದದ್ದು ಕಂಠದ ಎತ್ತರವನ್ನಲ್ಲವಷ್ಟೆ! ಅಲ್ಲಲ್ಲಿ ಮಾತುಗಳು ಸದ್ದಿನಲ್ಲಿ ಮುಳುಗಿಹೋಗುತ್ತವೆ. ಇದು ದೋಷವೇ, ಮನೆಯಲ್ಲಿ ಮಾಡಿದ್ದೆಂಬ ಕಾರಣಕ್ಕೆ ಗುಣವಾಗದು.

ನಾನಿರುವ ನೆಲ್ಯಹುದಿಕೇರಿಯಲ್ಲಿ ಈ ಹಾಡು ತೀರ ಪರಕೀಯವೆನಿಸದು. ಕೊಡವರ ಪಾಟ್‌ಗಳಲ್ಲಿ ನಾಲ್ವರು ದುಡಿ ಹಿಡಿದು ಹಾಡುತ್ತಾರೆ. ಇಬ್ಬರು ಹೇಳಿದ ಸಾಲನ್ನು ಇನ್ನಿಬ್ಬರು ಮರಳಿ ಹೇಳುತ್ತಾರೆ. ಸಣ್ಣ ದುಡಿಯ ಅದೇ ತಾಳ, ಅದೇ ಮಟ್ಟು. ನಡಿಕೇರಿಯಂಡ ಚಿಣ್ಣಪ್ಪನವರು ಇಂಥ ಹಾಡುಗಳನ್ನು ಕೂಡಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಪ್ರಕಟಿಸಿದರು. ಅಲ್ಲಿ ಒಂದು ಸಮುದಾಯದ ನೆನಪು, ಇಲ್ಲಿ ಒಬ್ಬನ ಒಂಟಿತನ. ಹೋಲಿಕೆ ಇಷ್ಟಕ್ಕೇ ನಿಲ್ಲಬೇಕು. ಆದರೆ ಎರಡೂ ಕಡೆ ವಾದ್ಯವು ಕಂಠಕ್ಕೆ ಎಡೆ ಬಿಟ್ಟು ಹಿಂದೆ ಸರಿದು ನಿಂತಿದೆ.

ಇಂದು ಕೈಫೋನಿನಲ್ಲೇ ನೂರು ವಾದ್ಯಗಳು ದೊರಕುತ್ತವೆ. ನಮ್ಮ ತರುಣರು ಭಾವಗೀತೆಗೆ ಅವನ್ನೆಲ್ಲ ಒಮ್ಮೆಗೇ ಹೇರಿದಾಗ ಕವಿಯ ಮಾತೇ ಮೊದಲು ಕಾಣೆಯಾಗುತ್ತದೆ. ಲಿಯರನಿಗೆ ಮಿತಿಯನ್ನು ಬಡತನ ಕಲಿಸಿತು. ಇವರಿಗೆ ವಿವೇಕ ಕಲಿಸಬೇಕು. ಆ ತಟ್ಟೆಯನ್ನು ಕೊಳ್ಳುವ ಗೋಜು ಬೇಡ, ಹಾಡನ್ನು ಒಮ್ಮೆ ಕೇಳಿದರೆ ಸಾಕು.