ಜಗಳದ ನಡುವೆ ಮೂರನೆಯವರ ಗುಟ್ಟು

ಬೈಬಲಿನ ಒಂದು ನೀತಿಗ್ರಂಥಕ್ಕೆ ಕನ್ನಡದಲ್ಲಿ ‘ಜ್ಞಾನೋಕ್ತಿಗಳು’ ಎಂದು ಹೆಸರು. ಮಲಯಾಳದ ‘ಸತ್ಯವೇದಪುಸ್ತಕ’ದಲ್ಲಿ ಅದು ‘ಸದೃಶವಾಕ್ಯಙ್ಙಳ್’. ಒಂದು ಅರಿವನ್ನು ಹೇಳುತ್ತದೆ, ಇನ್ನೊಂದು ಹೋಲಿಕೆಯನ್ನು. ಅದರ 25ನೆಯ ಅಧ್ಯಾಯವನ್ನು ಓದಲು ಎರಡೂ ಬೇಕು.

ಅಲ್ಲಿನ 8ರಿಂದ 10ರವರೆಗಿನ ವಚನಗಳ ತಾತ್ಪರ್ಯವಿಷ್ಟು: ವ್ಯಾಜ್ಯ ಹೂಡಲು ಆತುರಪಡಬಾರದು, ನೆರೆಯವನೊಡನೆ ನೇರವಾಗಿ ವಾದಿಸಬೇಕು, ಆದರೆ ಇನ್ನೊಬ್ಬನ ಗುಟ್ಟನ್ನು ಹೊರಗೆಡಹಬಾರದು. ಇದನ್ನು ‘ಜಗಳವೇ ಬೇಡ’ ಎಂಬ ಉಪದೇಶವಾಗಿ ಓದುವವರಿದ್ದಾರೆ. ಆ ಓದು ಸರಿಯಲ್ಲ. ವಾದಿಸಲು ಇಲ್ಲಿ ಅನುಮತಿಯಿದೆ. ‘ಇನ್ನೊಬ್ಬ’ನೆಂದರೆ ಆ ನೆರೆಯವನೇ ಇರಬಹುದು, ಮೂರನೆಯವನೂ ಇರಬಹುದು. ಎರಡನೆಯ ಅರ್ಥವೇ ನಮ್ಮನ್ನು ಹೆಚ್ಚು ಚುಚ್ಚುತ್ತದೆ. ಅಣ್ಣತಮ್ಮಂದಿರ ಪಾಲಿನ ಜಗಳದಲ್ಲಿ, ಅತ್ತಿಗೆ ಎಂದೋ ನಂಬಿ ಹೇಳಿಕೊಂಡ ದುಃಖ ಸಾಕ್ಷಿಯಾಗಿ ಅಂಗಳಕ್ಕೆ ಬೀಳುತ್ತದೆ. ಗಿರಾಕಿಯ ಲೆಕ್ಕವನ್ನು ಹೊರಗೆ ಹೇಳೆನೆಂದು ಬ್ಯಾಂಕಿನ ಗುಮಾಸ್ತ ಬರೆದುಕೊಡುತ್ತಾನೆ. ಮನೆಯೊಳಗೆ ಅಂಥ ಕರಾರನ್ನು ಯಾರೂ ಬರೆಸಿಕೊಳ್ಳುವುದಿಲ್ಲ.

ಆದರೂ ಈ ವಚನಗಳಲ್ಲಿ ಒಂದು ಕೊರತೆಯಿದೆ. 10ನೆಯ ವಚನ ಮುಂದಿಡುವ ಕಾರಣ ಅಪಕೀರ್ತಿಯ ಭಯ ಮಾತ್ರ. 17ನೆಯ ಅಧ್ಯಾಯದ 9ನೆಯ ವಚನ ಇದಕ್ಕಿಂತ ಎತ್ತರದ್ದು. ತಪ್ಪನ್ನು ಎತ್ತಿ ಆಡುವುದರಿಂದ ಸ್ನೇಹ ಮುರಿಯುತ್ತದೆಂಬುದು ಅಲ್ಲಿನ ಚಿಂತೆ.

ಹಾಗೆಂದು ಗುಟ್ಟಿನ ಹೆಸರಿನಲ್ಲಿ ಅನ್ಯಾಯವನ್ನು ಮುಚ್ಚಬಹುದೇ? 31ನೆಯ ಅಧ್ಯಾಯ ಬಾಯಿಲ್ಲದವರ ಪರವಾಗಿ ಬಾಯಿ ತೆರೆಯಲು ಹೇಳುತ್ತದೆ. ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಕ್ರಮವೂ ಇದೆ: ಮೊದಲು ಇಬ್ಬರೇ, ಕೇಳದಿದ್ದರೆ ಒಬ್ಬಿಬ್ಬರ ಜತೆ, ಆಮೇಲೆ ಸಭೆ. ಈ ಮೆಟ್ಟಿಲುಗಳನ್ನು ಹಾರಿ ನೇರ ಸಭೆಗೆ ಓಡುವವನಿಗೆ ನ್ಯಾಯಕ್ಕಿಂತ ಗೆಲುವೇ ಹೆಚ್ಚು ಬೇಕಾಗಿರುತ್ತದೆ.