ನಾಮಾನುಕ್ರಮ ಮತ್ತು ತಾರಾಪದವಿ: ಹಾಲಿವುಡ್ಡಿನ ಕೆಲವು ನಿದರ್ಶನಗಳು

ಹಾಲಿವುಡ್ ಚಿತ್ರಗಳಲ್ಲಿಯೂ ಅವುಗಳ ಭಿತ್ತಿಪತ್ರಗಳಲ್ಲಿಯೂ ಹೆಸರುಗಳು ಬರುವ ಅನುಕ್ರಮವು ನಟರ ಏಳುಬೀಳುಗಳ ಕನ್ನಡಿಯೆಂಬ ಮಾತು ರೂಢಿಯಲ್ಲಿದೆ. ಈ ಮಾತು ಅರ್ಧಮಟ್ಟಿಗೆ ಮಾತ್ರ ನಿಜವೆಂದು ನಮ್ಮ ಅಭಿಪ್ರಾಯ. ಶಾಸನಗಳ ಬಿರುದಾವಳಿಯನ್ನು ಅಭ್ಯಸಿಸುವವರು ಬಿರುದನ್ನೇ ಅಧಿಕಾರದ ಅಳತೆಯೆಂದು ಭಾವಿಸುವುದಿಲ್ಲ. ಅದು ಯಾರು, ಯಾರ ಮುಂದೆ ಮಂಡಿಸಿದ ಹಕ್ಕು ಎಂದು ವಿಚಾರಿಸುತ್ತಾರೆ. ಇಲ್ಲಿಯೂ ಅದೇ ಎಚ್ಚರ ಅಗತ್ಯ.

ಎಡ್ವರ್ಡ್ ಜಿ. ರಾಬಿನ್‌ಸನ್ ಮತ್ತು ಹಂಫ್ರಿ ಬೊಗಾರ್ಟ್ ಅವರ ನಿದರ್ಶನವನ್ನು ಪರಿಶೀಲಿಸೋಣ. 1931ರ ‘ಲಿಟಲ್ ಸೀಸರ್’ ಚಿತ್ರದಿಂದ ರಾಬಿನ್‌ಸನ್ ತಾರೆಯಾದರು. ‘ಬುಲೆಟ್ಸ್ ಆರ್ ಬ್ಯಾಲಟ್ಸ್’ (1936), ‘ಕಿಡ್ ಗಲಹಾಡ್’ (1937) ಚಿತ್ರಗಳಲ್ಲಿ ಅವರದೇ ಮೊದಲ ಹೆಸರು. ಬೊಗಾರ್ಟ್ ಅವರದು ಅನಂತರದ್ದು. 1941ರ ‘ಹೈ ಸಿಯೆರಾ’ದಲ್ಲಿ ಕಥೆಯ ಭಾರವನ್ನೆಲ್ಲ ಬೊಗಾರ್ಟ್ ಹೊತ್ತಿದ್ದರೂ ಐಡಾ ಲುಪಿನೊ ಅವರ ಹೆಸರೇ ಮುಂದಿತ್ತು. ಅದೇ ವರ್ಷದ ‘ದ ಮಾಲ್ಟೀಸ್ ಫಾಲ್ಕನ್’ನಲ್ಲಿ ಬೊಗಾರ್ಟ್ ಮೊದಲಿಗರಾದರು. ಪಾತ್ರದ ಹಿರಿಮೆಗೂ ಹೆಸರಿನ ಹಿರಿಮೆಗೂ ನಡುವೆ ಕಾಲದ ಅಂತರವಿರುತ್ತದೆಂಬುದು ಇದರಿಂದ ಸ್ಪಷ್ಟ.

1948ರ ‘ಕೀ ಲಾರ್ಗೊ’ದ ವೇಳೆಗೆ ಕ್ರಮ ತಲೆಕೆಳಗಾಯಿತು: ಎಡಗಡೆಯ ಮೊದಲ ಸ್ಥಾನ ಬೊಗಾರ್ಟ್ ಅವರದು. ಆದರೆ ಭಿತ್ತಿಪತ್ರದಲ್ಲಿ ರಾಬಿನ್‌ಸನ್ ಅವರ ಹೆಸರನ್ನು ಕೊಂಚ ಮೇಲಕ್ಕೇರಿಸಲಾಯಿತು. ಇಳಿದವನಿಗೆ ಎತ್ತರವನ್ನು ಕೊಟ್ಟು ಸಮಾಧಾನಪಡಿಸಿದ ಈ ಏರ್ಪಾಡಿನಲ್ಲಿ ಏರಿಕೆ, ಇಳಿಕೆ, ಮರ್ಯಾದೆ ಮೂರೂ ಒಟ್ಟಿಗೆ ದಾಖಲಾಗಿವೆ. 1974ರ ‘ದ ಟವರಿಂಗ್ ಇನ್ಫರ್ನೊ’ದಲ್ಲಿ ಸ್ಟೀವ್ ಮ್ಯಾಕ್ವೀನ್ ಅವರ ಹೆಸರು ಎಡಕ್ಕೆ, ತಗ್ಗಿನಲ್ಲಿ, ಪಾಲ್ ನ್ಯೂಮನ್ ಅವರದು ಬಲಕ್ಕೆ, ಎತ್ತರದಲ್ಲಿ. ‘ಕೀ ಲಾರ್ಗೊ’ದಲ್ಲಿ ಸಾಂತ್ವನವಾಗಿದ್ದ ಉಪಾಯವೇ ಇಲ್ಲಿ ಸರಿಸಮಾನರ ಒಡಂಬಡಿಕೆಯಾಯಿತು. ರೂಪ ಒಂದೇ ಆದರೂ ಅರ್ಥ ಬೇರೆ.

ಸಾಕ್ಷ್ಯಗಳು ಪರಸ್ಪರ ವಿರೋಧಿಸುವುದೂ ಉಂಟು. ‘ದ ಮ್ಯಾನ್ ಹೂ ಶಾಟ್ ಲಿಬರ್ಟಿ ವೇಲನ್ಸ್’ (1962) ಚಿತ್ರದ ಭಿತ್ತಿಪತ್ರಗಳಲ್ಲಿ ಜೇಮ್ಸ್ ಸ್ಟೀವರ್ಟ್ ಮೊದಲಿಗರು. ತೆರೆಯ ಮೇಲೆ ಜಾನ್ ವೇನ್ ಮೊದಲಿಗರು. ಒಂದನ್ನೇ ನೋಡಿ ತೀರ್ಮಾನಿಸಿದ ವಿಮರ್ಶಕನು ತಪ್ಪುವುದು ಖಂಡಿತ. ಕೊನೆಯ ಸ್ಥಾನವೂ ಕೀಳಲ್ಲ: ‘ಸೈಕೊ’ (1960) ಚಿತ್ರದ ನಟವರ್ಗದ ಕೊನೆಯಲ್ಲಿ ಪಾತ್ರದ ಹೆಸರಿನೊಡನೆ ಬರುವ ಜಾನೆಟ್ ಲೀ ಅವರ ಹೆಸರು ಪ್ರತ್ಯೇಕ ಗೌರವದ ಗುರುತು. 1978ರ ‘ಸೂಪರ್‌ಮ್ಯಾನ್’ನಲ್ಲಿಯಂತೂ ನಾಯಕ ಕ್ರಿಸ್ಟೋಫರ್ ರೀವ್ ಅವರಿಗಿಂತ ಮಾರ್ಲನ್ ಬ್ರ್ಯಾಂಡೊ, ಜೀನ್ ಹ್ಯಾಕ್‌ಮನ್ ಮುಂದಿದ್ದಾರೆ, ಹೊಸಬನ ಚಿತ್ರಕ್ಕೆ ಹಳಬರ ಕೀರ್ತಿಯೇ ಜಾಮೀನು.

ಆದ್ದರಿಂದ ನಾಮಾನುಕ್ರಮವನ್ನು ಕೀರ್ತಿಯ ಅಳತೆಗೋಲೆಂದು ಬಳಸುವುದು ಸಾಧುವಲ್ಲ. ಅದು ನಟ, ನಿರ್ಮಾಣಸಂಸ್ಥೆ, ಮಾರುಕಟ್ಟೆ ಈ ಮೂವರ ನಡುವಣ ಕರಾರಿನ ಪಳೆಯುಳಿಕೆ. ಕರಾರಾದ ದಿನಕ್ಕೂ ಚಿತ್ರ ತೆರೆಕಂಡ ದಿನಕ್ಕೂ ನಡುವೆ ನಟನ ಅದೃಷ್ಟ ಬದಲಾಗಿರಬಹುದು. ತೆರೆಯನ್ನೂ ಭಿತ್ತಿಪತ್ರವನ್ನೂ ಬೇರೆಬೇರೆ ಪಾಠಗಳೆಂದು ಎಣಿಸಿ, ಪಾಠಾಂತರಗಳನ್ನು ಹೋಲಿಸುವಂತೆ ಹೋಲಿಸಿದಾಗ ಮಾತ್ರ ನಟನ ಸ್ಥಾನಮಾನದ ನಿಜವಾದ ಚರಿತ್ರೆ ನಮಗೆ ದೊರೆಯುತ್ತದೆ.